14 ಸ್ಟುಡಿಯೊ, ಎರಡು ದಿನ, ಬಾಗಿಲು ಎಲ್ಲರಿಗೂ ತೆರೆದಿದೆ: ತಯಾರಿ ಹೇಗೆ?

ಬಣ್ಣದಡಬ್ಬಿ

ನಾವು 14 ಜನ ಕಲಾವಿದರು ಸೇರಿ ಒಂದು ಶನಿವಾರ, ಭಾನುವಾರ ನಮ್ಮ ನಮ್ಮ ಸ್ಟುಡಿಯೊಗಳನ್ನು ಜನರಿಗೆ ತೆರೆದಿಡುವುದು ಅಂತ ತೀರ್ಮಾನಿಸಿದ್ದೇವೆ. ಬೆಳಿಗ್ಗೆ 11ರಿಂದ ಸಂಜೆ 5. ಪೇಂಟಿಂಗ್‌ನವರು ಐದು ಜನ, ಮಣ್ಣಿನ ಕೆಲಸದವರು ಮೂವರು, ಪ್ರಿಂಟ್‌ಮೇಕಿಂಗ್ (ಅಚ್ಚುಚಿತ್ರ) ಇಬ್ಬರು, ಬಟ್ಟೆಗೆ ಬಣ್ಣ ಹಾಕುವವರು ಇಬ್ಬರು, ಕಲ್ಲು ಒಬ್ಬರು, ಲೋಹ ಒಬ್ಬರು. ಬಹುಪಾಲು ಕೋಣೆಗಳು 12×15 ಅಡಿ ಆಸುಪಾಸು. ಎರಡು ಸ್ಟುಡಿಯೊ ಮೊದಲ ಮಹಡಿಯಲ್ಲಿವೆ, ಲಿಫ್ಟ್ ಇಲ್ಲ.

ನಮ್ಮಲ್ಲೇ ಒಮ್ಮತ ಇಲ್ಲದ ವಿಷಯಗಳು ಇವು. ಎರಡೂ ದಿನ 14 ಕಡೆಯೂ ತೆರೆಯಬೇಕೋ, ದಿನಕ್ಕೆ ಏಳರಂತೆ ಹಂಚಬೇಕೋ? ಒಮ್ಮೆಗೆ ಎಷ್ಟು ಜನರನ್ನು ಒಳಗೆ ಬಿಡುವುದು? ಕೋಣೆಯನ್ನು ಗ್ಯಾಲರಿ ಥರ ಖಾಲಿ ಮಾಡಿ ಒಪ್ಪ ಮಾಡಬೇಕೋ, ಕೆಲಸ ನಡೆಯುತ್ತಿರುವ ಹಾಗೇ ಬಿಡಬೇಕೋ? ಮಾಡಿ ತೋರಿಸುವುದು ಬೇಕೇ, ಬೇಕಾದರೆ ಎಷ್ಟು ಹೊತ್ತು? ಮಾಡಿದವರು ಇದ್ದರೆ ಅಳತೆ, ಲೆಕ್ಕ ಸಮೇತ ಹೇಳಿ.

ನಕ್ಷೆಗಾರ

ಮೊದಲು ಜಾಗದ ಲೆಕ್ಕ. 12×15 ಅಂದರೆ 180 ಚದರಡಿ. ಈಸೆಲ್, ಮೇಜು, ಕಪಾಟು, ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸುಗಳೇ ಅರ್ಧ ನುಂಗುತ್ತವೆ. ಉಳಿದ 90 ಚದರಡಿಯಲ್ಲಿ ತಲೆಗೆ 10 ಚದರಡಿ ಇಟ್ಟರೆ 9 ಜನ. ಅದರಲ್ಲಿ ನೀವೊಬ್ಬರು. ಅಂದರೆ ಹೊರಗಿನವರು 8. ಬೆನ್ನಿಗೆ ಚೀಲ ಹಾಕಿಕೊಂಡು ಬರುವವರಿಗೆ ಇದೂ ಸಾಲದು. ಚೀಲ ಇಡಲು ಬಾಗಿಲ ಬಳಿಯೇ ಒಂದು ಬೆಂಚು ಹಾಕಿ, ಯಾಕೆಂದರೆ ತಿರುಗುವಾಗ ಪೀಠದ ಮೇಲಿನ ಕಲಾಕೃತಿಗೆ ಬಡಿಯುವುದು ಕೈಯಲ್ಲ, ಬೆನ್ನಿನ ಚೀಲ.

ಒಬ್ಬರು ಸುಮಾರು 20 ನಿಮಿಷ ನಿಲ್ಲುತ್ತಾರೆ ಅಂದುಕೊಳ್ಳಿ. ಗಂಟೆಗೆ 24, ಆರು ಗಂಟೆಗೆ 144. ಇದು ಕಾಗದದ ಮೇಲಿನ ಲೆಕ್ಕ ಅಷ್ಟೆ. ಜನ ಹನಿಹನಿಯಾಗಿ ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತಾರೆ. ಒಂದು ಕಡೆ ಪ್ರಾತ್ಯಕ್ಷಿಕೆ ಮುಗಿಯಿತೆಂದರೆ ಅಲ್ಲಿದ್ದವರೆಲ್ಲ ಎದ್ದು ಒಟ್ಟಿಗೆ ಪಕ್ಕದ ಸ್ಟುಡಿಯೊಗೆ ಹೋಗುತ್ತಾರೆ. ಹಾಗಾಗಿ ಒಬ್ಬರಿಗೊಬ್ಬರು ಹತ್ತಿರ ಇರುವ ಸ್ಟುಡಿಯೊಗಳಲ್ಲಿ ಪ್ರಾತ್ಯಕ್ಷಿಕೆಯ ಸಮಯ ಕನಿಷ್ಠ ಅರ್ಧ ಗಂಟೆ ಹಿಂದುಮುಂದು ಇರಲಿ.

ಎಲ್ಲರೂ ಮಾಡುವ ದೊಡ್ಡ ತಪ್ಪು ನಕ್ಷೆಯಲ್ಲಿ 1ರಿಂದ 14 ಅಂತ ಸಂಖ್ಯೆ ಹಾಕುವುದು. ಅಚ್ಚಾದ ತಕ್ಷಣ ಅದು ವಿಳಾಸವಾಗಿ ಉಳಿಯುವುದಿಲ್ಲ, ಅಪ್ಪಣೆ ಆಗಿಬಿಡುತ್ತದೆ. 1ನೇ ನಂಬರಿನಲ್ಲಿ 11 ಗಂಟೆಗೇ ಜಾತ್ರೆ, 14ರಲ್ಲಿ ಸಂಜೆ ನಾಲ್ಕರವರೆಗೆ ನೊಣ ಹೊಡೆಯುವುದು. ಅದರ ಬದಲು ಹತ್ತಿರ ಹತ್ತಿರದ ಸ್ಟುಡಿಯೊಗಳನ್ನು ಸೇರಿಸಿ ಮೂರು ಬಣ್ಣದ ಗುಂಪು ಮಾಡಿ. ನೀಲಿ ಗುಂಪಿನ ಕ, ಚ, ಟ, ಹೀಗೆ ಅಕ್ಷರ ಕೊಡಿ. ನಕ್ಷೆಯಲ್ಲಿರುವ ಅಕ್ಷರವೇ ಬಾಗಿಲ ಮೇಲೂ ಇರಬೇಕು, ಅದೇ ಬಣ್ಣದಲ್ಲಿ.

ಎರಡೂ ದಿನ ಎಲ್ಲರೂ ತೆರೆಯಿರಿ. ಒಂದು ಸ್ಟುಡಿಯೊಗೆ 20 ನಿಮಿಷ, ದಾರಿಗೆ 10 ಅಂತ ಹಿಡಿದರೆ ಆರು ಗಂಟೆಯಲ್ಲಿ 12 ನೋಡಬಹುದು ಅನಿಸುತ್ತದೆ, ಆದರೆ ಆರೇಳು ಮುಗಿಯುವಷ್ಟರಲ್ಲಿ ಕಣ್ಣು, ಕಾಲು ಎರಡೂ ಸೋಲುತ್ತವೆ. ಉಳಿದದ್ದಕ್ಕೆ ಮಾರನೆಯ ದಿನ ಬರುತ್ತಾರೆ. ದಿನಕ್ಕೆ ಏಳರಂತೆ ಹಂಚಿದರೆ ಒಂದೇ ದಿನ ಬಿಡುವಿರುವವರು ಯಾರನ್ನು ನೋಡಬೇಕು ಅಂತ ನೀವೇ ಅವರ ಪರವಾಗಿ ತೀರ್ಮಾನಿಸಿದ ಹಾಗಾಯಿತು. ಮಧ್ಯದಲ್ಲಿ ಒಂದು ಕಡೆ ತಲಾ ಒಂದು ಕೃತಿ, ಹೆಚ್ಚೆಂದರೆ 16×20 ಇಂಚು, ತೂಗುಹಾಕಿ. ಯಾರ ಸ್ಟುಡಿಯೊಗೆ ಹೋಗಬೇಕು ಅಂತ ಜನ ಅಲ್ಲೇ ಆರಿಸಿಕೊಳ್ಳುತ್ತಾರೆ, ನಕ್ಷೆಯೂ ಅಲ್ಲೇ ಸಿಗಲಿ.

ಫಲಕದ ವಿಷಯ: ಸಲೀಸಾಗಿ ಓದಲು ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು. ವಾಹನದಲ್ಲಿ ಬರುವವರು 60 ಅಡಿ ದೂರದಿಂದ ಓದಬೇಕಾದರೆ ಅಕ್ಷರ 6 ಇಂಚು. ಎ4 ಹಾಳೆಯಲ್ಲಿ ಅಷ್ಟು ದೊಡ್ಡದಾಗಿ ಪೂರ್ತಿ ಹೆಸರು ಹಿಡಿಸುವುದಿಲ್ಲ, ಬರೀ ಬಾಣದ ಗುರುತು ಮತ್ತು ಸ್ಟುಡಿಯೊ ಅಕ್ಷರ ಸಾಕು. ಬಾಣ ಫಲಕದ ಎರಡೂ ಮುಖಕ್ಕೆ ಬರೆಯಿರಿ, ಆದರೆ ಹಿಂದಿನ ಮುಖದಲ್ಲಿ ದಿಕ್ಕು ತಿರುಗುತ್ತದೆ ಅನ್ನುವುದನ್ನು ಮರೆಯಬೇಡಿ. ಜನ ದಾರಿ ತಪ್ಪುವುದು ದೊಡ್ಡ ರಸ್ತೆಯಲ್ಲಲ್ಲ, ಕೊನೆಯ 100 ಮೀಟರಿನಲ್ಲಿ. ಫೋನಿನ ನಕ್ಷೆ ಹಿಂಬಾಗಿಲಿಗೋ ಪಕ್ಕದ ಗೇಟಿಗೋ ಕರೆದೊಯ್ದು ನಿಲ್ಲಿಸುತ್ತದೆ. ಪ್ರತಿಯೊಬ್ಬರೂ ತಮ್ಮ ಬಾಗಿಲ ಮುಂದೆ ನಿಂತು ಪಿನ್ ಹಾಕಿ ಕಳಿಸಿ, ಅದನ್ನು ಇನ್ನೊಬ್ಬರು ಹಿಡಿದುಕೊಂಡು ಬಂದು ಪರೀಕ್ಷಿಸಲಿ.

ಮಹಡಿ ಮೇಲಿನ ಇಬ್ಬರ ಹೆಸರಿನ ಪಕ್ಕ ಮೆಟ್ಟಿಲು ಎಷ್ಟು ಅಂತ ನಕ್ಷೆಯಲ್ಲೇ ಅಚ್ಚು ಹಾಕಿ. “ಮೆಟ್ಟಿಲು ಇದೆ” ಅಂದರೆ ಸಾಲದು, “18 ಮೆಟ್ಟಿಲು, ಒಂದು ಕಡೆ ಹಿಡಿದುಕೊಳ್ಳಲು ಕಂಬಿ” ಅನ್ನಬೇಕು. ಹತ್ತಲಾಗದವರಿಗೆ ಕೆಳಗೆ ಒಂದು ಮೇಜು, ಐದಾರು ಕೃತಿ.

ಅಗಸೆಎಣ್ಣೆ

ಖಾಲಿ ಮಾಡುವುದೋ ಹಾಗೇ ಬಿಡುವುದೋ ಅನ್ನುವ ಪ್ರಶ್ನೆಗೆ: ಎರಡೂ ಅಲ್ಲ. 19ನೇ ಶತಮಾನದ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಪ್ರದರ್ಶನಕ್ಕೆ ಚಿತ್ರ ಕಳಿಸುವ ಮುನ್ನ “ಶೋ ಸಂಡೆ” ಅಂತ ಕಲಾವಿದರು ಸ್ಟುಡಿಯೊ ತೆರೆದಿಡುತ್ತಿದ್ದರು. ಮುಗಿದ ಚಿತ್ರ ಹೇಗೂ ಪ್ರದರ್ಶನದಲ್ಲಿ ಸಿಗುತ್ತಿತ್ತು, ಆದರೂ ಜನ ಕೋಣೆಗೇ ಬರುತ್ತಿದ್ದರು. ಈಗಲೂ ಅಷ್ಟೆ. ಪ್ಯಾಲೆಟ್, ಅರ್ಧಕ್ಕೆ ನಿಂತ ಕ್ಯಾನ್ವಾಸ್, ಸವೆದ ಕುಂಚ ಇವೆಲ್ಲ ಇರಲಿ. ತೆಗೆಯಬೇಕಾದ್ದು ಅಪಾಯದ್ದು ಮತ್ತು ನೀವು ತೋರಿಸಲು ಇಷ್ಟಪಡದ್ದು. ಗೋಡೆಗೆ ಮುಖ ಮಾಡಿ ಒರಗಿಸಿದ ಕ್ಯಾನ್ವಾಸನ್ನು ಯಾರಾದರೂ ತಿರುಗಿಸಿ ನೋಡಿಯೇ ನೋಡುತ್ತಾರೆ. ಬೇಡವಾದರೆ ಬೇರೆ ಕೋಣೆಗೆ ಸಾಗಿಸಿ.

ತೈಲವರ್ಣದ ಐದೂ ಜನ ಇದನ್ನು ಎರಡು ಸಲ ಓದಿ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿ. ಆ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆ ಹರಡಿಕೊಂಡಿದ್ದರೆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಚೀಲಕ್ಕೆ ತುರುಕಿದರೆ ಒಳಗೇ ಕೂಡಿಕೊಂಡು, ಕೆಲವು ಗಂಟೆ ಕಳೆದ ಮೇಲೆ ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ದಿನನಿತ್ಯದ ಗಲೀಜಿನಲ್ಲಿ ಬಟ್ಟೆಗಳು ಅಲ್ಲಲ್ಲಿ ಬಿದ್ದಿರುವುದರಿಂದ ಏನೂ ಆಗಿರುವುದಿಲ್ಲ. ಸ್ಟುಡಿಯೊ ತೆರೆಯುವ ಹಿಂದಿನ ರಾತ್ರಿ ಎಲ್ಲವನ್ನೂ ಬಾಚಿ ಒಂದೇ ಕಸದ ಚೀಲಕ್ಕೆ ತುಂಬಿ ಮೂಲೆಗಿಟ್ಟು ಬಾಗಿಲು ಹಾಕಿಕೊಂಡು ಹೋಗುತ್ತೀರಲ್ಲ, ಅಪಾಯ ಆಗ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಿಗೆ ಮುಳುಗಿಸಿಡಿ. ಇಲ್ಲವೇ ಬಯಲಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಗರಿಗರಿಯಾಗುವವರೆಗೆ ಒಣಗಿಸಿ.

ಬಣ್ಣ ತೆಳು ಮಾಡುವ ಟರ್ಪೆಂಟೈನ್ ಬಾಟಲಿಗಳಿಗೆ ಮುಚ್ಚಳ ಬಿಗಿ ಮಾಡಿ ಕೋಣೆಯಿಂದಲೇ ಆಚೆ ಇಡಿ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಅದರ ಆವಿ ಕಿಡಿಗೆ ಹತ್ತಿಕೊಳ್ಳುತ್ತದೆ, ಎಂಟು ಜನ ನಿಂತ ಮುಚ್ಚಿದ ಕೋಣೆಯಲ್ಲಿ ವಾಸನೆಗೇ ತಲೆನೋವು ಬರುತ್ತದೆ. ಆ ಎರಡು ದಿನ ಹೊಸದಾಗಿ ವಾರ್ನಿಷ್ ಹೊಡೆಯುವುದು, ಚಾರ್ಕೋಲ್ ಚಿತ್ರ ಅಳಿಸಿಹೋಗದಂತೆ ಫಿಕ್ಸೆಟಿವ್ ಸಿಂಪಡಿಸುವುದು ಬೇಡ.

ತೂಗುಹಾಕುವ ಎತ್ತರಕ್ಕೆ ಒಂದು ಸೂತ್ರ ಇದೆ. ಚಿತ್ರದ ಮಧ್ಯಬಿಂದು ನೆಲದಿಂದ 57 ಇಂಚು. ಮೊಳೆಯ ಎತ್ತರ = 57 + ಚೌಕಟ್ಟಿನ ಅರ್ಧ ಎತ್ತರ − ತಂತಿಯನ್ನು ಮೇಲಕ್ಕೆ ಎಳೆದು ಹಿಡಿದಾಗ ಅದರ ತುದಿಯಿಂದ ಚೌಕಟ್ಟಿನ ಮೇಲಂಚಿಗೆ ಇರುವ ದೂರ. ಚೌಕಟ್ಟು 24 ಇಂಚು, ತಂತಿ 3 ಇಂಚು ಕೆಳಗೆ ಅಂದರೆ 57 + 12 − 3 = 66. ಎಲ್ಲರೂ ತಪ್ಪುವುದು ಆ ಕೊನೆಯ ಅಳತೆಯಲ್ಲಿ. ತಂತಿ ಜೋತುಬಿದ್ದಿರುವಾಗ ಅಳೆದರೆ ಲೆಕ್ಕ ಕೆಡುತ್ತದೆ, ಬೆರಳಿನಿಂದ ಎಳೆದು ಹಿಡಿದೇ ಅಳೆಯಿರಿ. ಒಂದೇ ತಂತಿಗೆ ಎರಡು ಮೊಳೆ ಹೊಡೆದರೆ ಯಾರ ಭುಜ ತಾಗಿದರೂ ಚಿತ್ರ ವಾಲುವುದಿಲ್ಲ. ಆಗ ತಂತಿ ತುದಿಯಾಗಿ ಏಳದೆ ಚಪ್ಪಟೆಯಾಗಿ ನಿಲ್ಲುತ್ತದೆ, ಅದನ್ನೂ ಎರಡು ಬೆರಳಿನಲ್ಲಿ ಎಳೆದು ಅಳೆಯಬೇಕು.

ಬೆಳಕು: ಗಾಜು ಹಾಕಿದ ಚಿತ್ರವನ್ನು ಕಿಟಕಿಯ ಎದುರು ಗೋಡೆಗೆ ಹಾಕಿದರೆ ಜನರಿಗೆ ಕಾಣುವುದು ಕಿಟಕಿಯೇ. ಪಕ್ಕದ ಗೋಡೆಗೆ ಹಾಕಿ. ದೀಪ ಮೇಲಿನಿಂದ, ನೇರ ಇಳಿಯುವ ಗೆರೆಗೆ 30 ಡಿಗ್ರಿ ಓರೆಯಲ್ಲಿ ಬೀಳಲಿ. ಹಳದಿ ಬಲ್ಬು, ಬಿಳಿ ಬಲ್ಬು ಎರಡನ್ನೂ ಒಂದೇ ಗೋಡೆಗೆ ಬಿಡಬೇಡಿ.

ಮಾರಿದ ಮೇಲೆ ಕಟ್ಟಿಕೊಡುವಾಗ ಅಕ್ರಿಲಿಕ್ ಚಿತ್ರಕ್ಕೆ ಬಬಲ್ ರ‍್ಯಾಪ್ ನೇರವಾಗಿ ಸುತ್ತಬಾರದು. ಅಕ್ರಿಲಿಕ್ ಪದರ ಬಿಸಿಗೆ ಮೆತ್ತಗಾಗುತ್ತದೆ, ಮುಚ್ಚಿದ ಕಾರಿನಲ್ಲಿ ಒಂದು ಗಂಟೆ ಇದ್ದರೂ ಗುಳ್ಳೆಗಳ ಅಚ್ಚು ಚಿತ್ರದ ಆಕಾಶದ ತುಂಬ ಮೂಡಬಹುದು. ಮೊದಲು ಗ್ಲಾಸೀನ್ ಅನ್ನುವ ನುಣುಪಾದ ತೆಳು ಕಾಗದ, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್. ಇನ್ನೂ ಹಸಿಯಿರುವ ತೈಲಚಿತ್ರವನ್ನು ಅಂದೇ ಕೊಡಬೇಡಿ. ಮಾರಾಟವಾಗಿದೆ ಅನ್ನಲು ಕೆಂಪು ಚುಕ್ಕಿ ಅಂಟಿಸಿ, ಯಾವತ್ತು ಕೊಡುತ್ತೀರಿ ಅಂತ ರಸೀದಿಯಲ್ಲಿ ಬರೆದುಕೊಡಿ. ಅಂಬರ್ ಥರದ ಮಣ್ಣುಬಣ್ಣಗಳು ಬೇಗ ಒಣಗುತ್ತವೆ, ಕ್ಯಾಡ್ಮಿಯಂ, ಟೈಟೇನಿಯಂ ಬಿಳಿ ನಿಧಾನ. ಒಂದೇ ಚಿತ್ರದಲ್ಲಿ ಒಂದು ಮೂಲೆ ಒಣಗಿ ಇನ್ನೊಂದು ಹಸಿ ಇರಬಹುದು.

ತಿಗರಿತಿಮ್ಮಿ

ಮಣ್ಣಿನ ಮೂವರಿಗೆ. ಹಿಂದಿನ ದಿನ ಪೊರಕೆ ಹಿಡಿದು ಗುಡಿಸಬೇಡಿ. ಒಣಮಣ್ಣಿನ ಧೂಳಿನಲ್ಲಿ ಸಿಲಿಕಾ ಇದೆ, ಅದರ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಗುಡಿಸಿದರೆ ನೆಲದಲ್ಲಿದ್ದದ್ದನ್ನು ಜನರ ಮೂಗಿನ ಮಟ್ಟಕ್ಕೆ ಎತ್ತಿದಂತೆ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರು ಬದಲಿಸಿ ಇನ್ನೊಮ್ಮೆ ಒರೆಸಿ. ಮಣ್ಣುನೀರನ್ನು ಸಿಂಕಿಗೆ ಸುರಿಯದೆ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಮಾತ್ರ ಚೆಲ್ಲಿ. ಕಲ್ಲಿನವರಿಗೂ ಇದೇ ಮಾತು.

ಪೂರ್ತಿ ಒಣಗಿದ, ಸುಡದ ಪಾತ್ರೆಗಳು ನೋಡಲು ಗಟ್ಟಿ. ಜನ ಅಂಚನ್ನೋ ಹಿಡಿಯನ್ನೋ ಹಿಡಿದು ಎತ್ತುತ್ತಾರೆ, ಅಂಚು ಕೈಗೆ ಬರುತ್ತದೆ. “ಮುಟ್ಟಬೇಡಿ” ಅಂತ ಬರೆದರೆ ಮುಟ್ಟುವ ಆಸೆ ಇನ್ನೂ ಹೆಚ್ಚು. ಮುಟ್ಟಲಿಕ್ಕೆಂದೇ ಒಂದು ಮೇಜು ಮಾಡಿ: ಒಂದೇ ತೂಕದ ಮಣ್ಣಿನಿಂದ ಒಂದೇ ಅಳತೆಗೆ ಎತ್ತಿದ ನಾಲ್ಕು ಬಟ್ಟಲು. ಒಂದು ಅದೇ ಬೆಳಿಗ್ಗೆ ತಿಗರಿಯಿಂದ ಇಳಿಸಿದ್ದು, ಒಂದು ಪೂರ್ತಿ ಒಣಗಿದ್ದು, ಒಂದು ಬಿಸ್ಕ್ ಸುಟ್ಟದ್ದು (ಗ್ಲೇಜ್ ಹಾಕುವ ಮೊದಲಿನ ಸುಡುವಿಕೆ), ಒಂದು ಗ್ಲೇಜ್ (ಗಾಜಿನಂಥ ಲೇಪ) ಹಾಕಿ ಸುಟ್ಟದ್ದು. ಸ್ಟೋನ್‌ವೇರ್ ಅನ್ನುವ, ಹೆಚ್ಚು ಉರಿಗೆ ಸುಡುವ ಮಣ್ಣು ಹಸಿಯಿಂದ ಕೊನೆಯ ಸುಡುವಿಕೆಗೆ ಬರುವಷ್ಟರಲ್ಲಿ ಶೇ. 12ರ ಆಸುಪಾಸು ಕುಗ್ಗುತ್ತದೆ. ಅಂದರೆ 15 ಸೆಂಟಿಮೀಟರ್ ಅಗಲದ ಬಟ್ಟಲು 13.2ಕ್ಕೆ ಬಂದು ನಿಲ್ಲುತ್ತದೆ. ಸುಟ್ಟ ಬಟ್ಟಲನ್ನು ಹಸಿಯದರ ಒಳಗೆ ಇಳಿಸಿ ತೋರಿಸಿ, ಸುತ್ತ ಸಣ್ಣ ಸಂದಿ ಉಳಿಯುತ್ತದೆ. ಅರ್ಧ ಗಂಟೆ ವಿವರಿಸುವುದು ತಪ್ಪುತ್ತದೆ. ಒಣಗಿದ ಬಟ್ಟಲು ಹೇಗೂ ಒಡೆಯುತ್ತದೆ, ದಿನಕ್ಕೆ ಎರಡರಂತೆ ಲೆಕ್ಕ ಹಾಕಿಕೊಳ್ಳಿ.

ಪಾತ್ರೆ ಸುಡುವ ಗೂಡು ತೆರೆಯುವುದನ್ನು ಜನರ ಎದುರಿಗೇ ಮಾಡಬೇಕು ಅಂತಿದ್ದರೆ ಹಿಂದಿನಿಂದ ಲೆಕ್ಕ ಹಾಕಿ. 1240 ಡಿಗ್ರಿಗೆ ಸುಟ್ಟ ಗೂಡು ತಾನಾಗಿ ಆರಲು ಒಂದು ದಿನಕ್ಕಿಂತ ಹೆಚ್ಚು ಬೇಕು, ದಪ್ಪ ಇಟ್ಟಿಗೆಯ ದೊಡ್ಡ ಗೂಡಿಗೆ ಎರಡು ದಿನ. ಶನಿವಾರ 12ಕ್ಕೆ ತೆರೆಯಬೇಕಾದರೆ ಗುರುವಾರ ಬೆಳಿಗ್ಗೆಯೇ ಉರಿ ನಿಲ್ಲಲಿ. ಜನ ಕಾಯುತ್ತಿದ್ದಾರೆ ಅಂತ 200 ಡಿಗ್ರಿಯಲ್ಲಿ ಮುಚ್ಚಳ ಎತ್ತಿದರೆ ತಣ್ಣಗಾಳಿ ಬಡಿದು ಗ್ಲೇಜ್ ಬಿರಿಯುತ್ತದೆ, ಪಾತ್ರೆಯೇ ಸೀಳಲೂಬಹುದು. 100ರ ಕೆಳಗೆ ಇಳಿದ ಮೇಲೆಯೇ ತೆರೆಯಿರಿ. ಆಗಲೂ ಟಿಣ್ ಟಿಣ್ ಸದ್ದು ಬರುತ್ತಿದ್ದರೆ ಅದು ಗ್ಲೇಜ್ ಬಿರಿಯುವ ಸದ್ದು. ಜನಕ್ಕೆ ಅದು ಸಂಗೀತ, ನಮಗೆ ಅಲ್ಲ. ತೆರೆದಿಡುವ ಎರಡು ದಿನ ಗೂಡು ಉರಿಸುವುದಂತೂ ಬೇಡವೇ ಬೇಡ. ಹೊರಕವಚವೇ ಕೈ ಸುಡುತ್ತದೆ, ಹೊಗೆ ಬೇರೆ.

ತಿಗರಿ ತೋರಿಸುವುದಾದರೆ ಸರಿಯಾಗಿ 15 ನಿಮಿಷ. ಹದವಾಗಿ ನಾದಿದ 800 ಗ್ರಾಂ ಉಂಡೆಗಳನ್ನು ಬೆಳಿಗ್ಗೆಯೇ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ದಿನಕ್ಕೆ ಆರು ಸಾಕು. ಜನರನ್ನೇ ತಿಗರಿ ಮೇಲೆ ಕೂರಿಸಿದರೆ ಒಬ್ಬೊಬ್ಬರಿಗೆ 15 ನಿಮಿಷ ಹೋಗುತ್ತದೆ, ಹಿಂದೆ ಹನ್ನೆರಡು ಜನ ನಿಂತಿರುತ್ತಾರೆ. ಬದಲಿಗೆ 150 ಗ್ರಾಂ ಮಣ್ಣು ಕೊಟ್ಟು ಕೈಯಲ್ಲೇ ಅದುಮಿ ಬಟ್ಟಲು ಮಾಡಲಿ. ಆದರೆ ಸುಟ್ಟುಕೊಡುತ್ತೇವೆ ಅಂತ ಬಾಯಿ ತಪ್ಪಿಯೂ ಹೇಳಬೇಡಿ. ದಪ್ಪ ತಳದೊಳಗೆ ತೇವ ಉಳಿದುಬಿಟ್ಟಿದ್ದರೆ ಗೂಡಿನಲ್ಲಿ ಅದು ಆವಿಯಾಗಿ ಬಟ್ಟಲು ಸಿಡಿಯುತ್ತದೆ, ಪಕ್ಕದಲ್ಲಿಟ್ಟ ನಿಮ್ಮ ಮಡಕೆಗಳೂ ಅದರ ಜೊತೆ ಹೋಗುತ್ತವೆ. ನೂರು ಬಟ್ಟಲು ಒಣಗಿಸಿ, ಹೆಸರು ಹಚ್ಚಿ, ಎರಡು ಸಲ ಸುಟ್ಟು, ಮಾಲೀಕರನ್ನು ಹುಡುಕಿ ಕೊಡುವ ಕೆಲಸ ಯಾರಿಗೆ ಬೇಕು?

ಉಳಿಗೀರು

ಪ್ರಿಂಟ್‌ಮೇಕಿಂಗ್ ಇಬ್ಬರಿಗೆ ಚುಟುಕಾಗಿ. ತಗಡಿನಲ್ಲಿ ಚಿತ್ರ ಕೊರೆಯಲು ಬಳಸುವ ಆಮ್ಲದ ತಟ್ಟೆಗಳು ಖಾಲಿಯಾಗಿ, ತೊಳೆದು, ಬೀಗದೊಳಗೆ. ಫೆರಿಕ್ ಕ್ಲೋರೈಡ್ ನೈಟ್ರಿಕ್ ಆಮ್ಲದಷ್ಟು ಹೊಗೆ ಬಿಡುವುದಿಲ್ಲ ನಿಜ, ಆದರೆ ಬಟ್ಟೆಗೆ ಬಿದ್ದ ಕಂದು ಕಲೆ ಹೋಗುವುದಿಲ್ಲ. ಬಂದವರ ಬಿಳಿ ಅಂಗಿಯ ಜವಾಬ್ದಾರಿ ನಿಮ್ಮದಾಗುತ್ತದೆ.

ಎಚಿಂಗ್ ಪ್ರೆಸ್ಸಿನ (ಕೊರೆದ ತಗಡಿನಿಂದ ಅಚ್ಚು ತೆಗೆಯುವ ಯಂತ್ರ) ಚಕ್ರ ಕಂಡರೆ ಮಕ್ಕಳು ತಿರುಗಿಸದೆ ಬಿಡುವುದಿಲ್ಲ. ಪ್ರಾತ್ಯಕ್ಷಿಕೆ ಇಲ್ಲದ ಹೊತ್ತಿನಲ್ಲಿ ಚಕ್ರವನ್ನು ಪ್ರೆಸ್ಸಿನ ಕಾಲಿಗೆ ಹಗ್ಗದಿಂದ ಬಿಗಿಯಿರಿ. ಇರುವಾಗ ಒಬ್ಬರು ಚಕ್ರದ ಬಳಿ, ಇನ್ನೊಬ್ಬರು ರೋಲರಿನ ಬಳಿ ನಿಂತು ಯಾರ ಬೆರಳೂ ಹತ್ತಿರ ಹೋಗದಂತೆ ನೋಡಿಕೊಳ್ಳಬೇಕು. ಜನರ ಕೈಯಲ್ಲೇ ಅಚ್ಚು ತೆಗೆಸಬೇಕಾದರೆ 10×15 ಸೆಂಟಿಮೀಟರಿನ ಲಿನೋ ಬ್ಲಾಕ್ (ಕೆತ್ತಿದ ಮೆತ್ತನೆಯ ಲಿನೋಲಿಯಂ ತುಂಡು), ನೀರಿನ ಶಾಯಿ, ತೆಳು ಕಾಗದ, ಉಜ್ಜಲು ಮರದ ಚಮಚ ಸಾಕು. ತೈಲದ ಶಾಯಿ ಒಣಗಲು ದಿನಗಳೇ ಬೇಕು, ಮನೆ ಸೇರುವ ಮೊದಲೇ ಚೀಲಕ್ಕೆಲ್ಲ ಬಳಿದುಕೊಂಡಿರುತ್ತದೆ. ಶಾಯಿ ಹೆಚ್ಚಾದರೆ ಸಣ್ಣ ಗೆರೆಗಳು ತುಂಬಿಹೋಗುತ್ತವೆ. ರೋಲರ್ ಉರುಳಿಸುವಾಗ ಸುಯ್ ಅಂತ ತೆಳುವಾಗಿ ಸದ್ದು ಬರಬೇಕು, ಪಚಪಚ ಅಂದರೆ ಶಾಯಿ ಜಾಸ್ತಿ.

ಅಚ್ಚಿನ ಕೆಳಗೆ ಬರೆದ 7/25 ಅಂದರೇನು ಅಂತ ದಿನಕ್ಕೆ ಐವತ್ತು ಸಲ ಕೇಳುತ್ತಾರೆ. ಒಟ್ಟು 25 ಅಚ್ಚಿನಲ್ಲಿ ಇದು ಏಳನೆಯದು, ಇದು ಫೋಟೊ ಪ್ರತಿಯಲ್ಲ, ಪ್ರತಿಯೊಂದನ್ನೂ ಕೈಯಲ್ಲೇ ತೆಗೆದದ್ದು ಅಂತ ಒಂದು ಚೀಟಿ ಬರೆದು, ಪಕ್ಕದಲ್ಲೇ ಬ್ಲಾಕ್ ಅಥವಾ ತಗಡನ್ನೂ ಇಡಿ.

ಲೋಹದವರು ಆರ್ಕ್ ವೆಲ್ಡಿಂಗ್ ತೋರಿಸಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಆ ಬೆಳಕಿನ ಅತಿನೇರಳೆ ಕಿರಣ ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ, ನೋವು ಕೆಲವು ಗಂಟೆ ಬಿಟ್ಟು ಶುರುವಾಗುವುದರಿಂದ ಅಲ್ಲಿದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ತಗಡು ತಟ್ಟಿ ಉಬ್ಬು ತೆಗೆಯುವುದನ್ನು ತೋರಿಸಲಿ.

ಬಣ್ಣದಡಬ್ಬಿ

ಎಲ್ಲರಿಗೂ ಧನ್ಯವಾದ. ಎಣ್ಣೆ ಒರೆಸಿದ ಬಟ್ಟೆ ಹಿಂದಿನ ರಾತ್ರಿ ಹೊತ್ತಿಕೊಳ್ಳಬಹುದು ಅನ್ನುವ ವಿಷಯ ನಮ್ಮ ಐವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇನ್ನು ಮೂರು ಸಂಶಯ. ಪ್ರತಿ ಸ್ಟುಡಿಯೊಗೂ ಕಲಾವಿದರ ಜೊತೆಗೆ ಎರಡನೆಯ ಮನುಷ್ಯ ನಿಜವಾಗಿ ಬೇಕೇ? ನಮಗೆ ಸಿಕ್ಕಿರುವ ಸ್ವಯಂಸೇವಕರು ಒಂಬತ್ತೇ ಜನ. ಬೆಲೆ ಚೀಟಿ ಅಂಟಿಸಬೇಕೋ, ಕೇಳಿದವರಿಗೆ ಹೇಳಬೇಕೋ? ಫೋಟೊ ತೆಗೆಯುವವರನ್ನು ಏನು ಮಾಡುವುದು?

ನಕ್ಷೆಗಾರ

ಎರಡನೆಯವರು ಬೇಕೇ ಬೇಕು. ಮಣ್ಣಾದ ಕೈಯಲ್ಲಿ ದುಡ್ಡು ಎಣಿಸಲು, ರಸೀದಿ ಬರೆಯಲು ಆಗುವುದಿಲ್ಲ. ಒಬ್ಬರ ಜೊತೆ ಮಾತಿಗೆ ನಿಂತರೆ ಬೆನ್ನ ಹಿಂದೆ ಏನಾಗುತ್ತಿದೆ ಅಂತಲೂ ಕಾಣುವುದಿಲ್ಲ. ಒಂಬತ್ತು ಜನರನ್ನು ಮೊದಲು ಮಣ್ಣು, ಪ್ರಿಂಟ್, ಲೋಹ, ಕಲ್ಲಿನ ಏಳು ಕಡೆ ಹಾಕಿ. ಇನ್ನಿಬ್ಬರು ಒಂದೊಂದು ಕಡೆ 40 ನಿಮಿಷದಂತೆ ಸುತ್ತುತ್ತಾ ಉಳಿದ ಏಳು ಜನರನ್ನು ಊಟಕ್ಕೆ, ವಿಶ್ರಾಂತಿಗೆ ಬಿಡಿಸಲಿ. ಪೇಂಟಿಂಗ್ ಮತ್ತು ಬಟ್ಟೆಯವರು ಮನೆಯವರನ್ನೋ ಸ್ನೇಹಿತರನ್ನೋ ಕರೆದುಕೊಳ್ಳಬೇಕು. ಬಾಗಿಲಲ್ಲಿ ಕೂತವರ ಕೈಗೆ ಒಂದು ಎಣಿಕೆಯ ಕ್ಲಿಕ್ಕರ್ ಕೊಡಿ, ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳಲಿ. ಮುಂದಿನ ಸಲ ಯಾವ ಹೊತ್ತಿನಲ್ಲಿ ಎಷ್ಟು ಜನ ಬೇಕು ಅನ್ನುವುದು ಆ ಹಾಳೆಯಿಂದಲೇ ತಿಳಿಯುತ್ತದೆ.

ಅಗಸೆಎಣ್ಣೆ

ಬೆಲೆ ಚೀಟಿ ಅಂಟಿಸಿ. ಬೆಲೆ ಕಾಣದಿದ್ದರೆ ಹೆಚ್ಚಿನವರು ಕೇಳುವುದಿಲ್ಲ, ಸುಮ್ಮನೆ ಹೊರಟುಹೋಗುತ್ತಾರೆ. ಗ್ಯಾಲರಿಯಲ್ಲಿ ಇದೇ ಕೃತಿಗೆ ಇರುವ ಬೆಲೆಯೇ ಇಲ್ಲೂ ಇರಲಿ. ಸ್ಟುಡಿಯೊದಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಗೊತ್ತಾದರೆ ಗ್ಯಾಲರಿಯವರು ನಿಮ್ಮ ಕೆಲಸ ಇಟ್ಟುಕೊಳ್ಳುವುದಿಲ್ಲ, ಹಿಂದೆ ಪೂರ್ತಿ ಬೆಲೆ ಕೊಟ್ಟವರಿಗೂ ನೋವಾಗುತ್ತದೆ. ಕಡಿಮೆ ಬೆಲೆಗೆ ಬೇಕೆನ್ನುವವರಿಗೆ ಬೇರೆಯದೇ ಸಣ್ಣ ಕೆಲಸ ಇಡಿ: ಅಧ್ಯಯನದ ಚಿತ್ರ, ರೇಖಾಚಿತ್ರ. ಮಾರಲು ಇಷ್ಟವಿಲ್ಲದ್ದಕ್ಕೆ “ಮಾರಾಟಕ್ಕಿಲ್ಲ” ಅಂತ ಮೊದಲೇ ಬರೆಯಿರಿ. ಕಾರ್ಡ್ ಯಂತ್ರ ಅಥವಾ ಕ್ಯೂಆರ್ ಕೋಡ್ ಇಟ್ಟರೆ ಆ ಕೋಣೆಯೊಳಗೆ ಸಿಗ್ನಲ್ ಬರುತ್ತದೆಯೇ ಅಂತ ಒಂದು ಸಣ್ಣ ಮೊತ್ತ ಹಾಕಿ ಪರೀಕ್ಷಿಸಿ, ಚಿಲ್ಲರೆಯೂ ಇರಲಿ.

ಫೋಟೊಗೆ ಬೇಡ ಅನ್ನುವುದು ವ್ಯರ್ಥ. ಫ್ಲಾಶ್ ಬೇಡ, ಟ್ರೈಪಾಡ್ ಬೇಡ, ಮುಗಿಯದ ಕೆಲಸದ್ದು ಬೇಡ ಅಂತ ಮೂರೇ ಸಾಲು ಬಾಗಿಲಲ್ಲಿ ಅಂಟಿಸಿ.

ತಿಗರಿತಿಮ್ಮಿ

ಮುಗಿಯದ ಕೆಲಸದ್ದು ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜನ ಗೆಳೆಯರಿಗೆ ಕಳಿಸುವುದು ಅದೇ ಫೋಟೊವನ್ನು: ತಿಗರಿ ಮೇಲೆ ಅರ್ಧ ಎದ್ದ ಮಡಕೆ, ಶಾಯಿ ಹತ್ತಿದ ಕೈ. ಭಾನುವಾರ ಹೊಸಬರು ಬರುವುದು ಶನಿವಾರದ ಆ ಫೋಟೊ ನೋಡಿ. ನಕಲಿನ ಭಯ ಇರುವ ಒಂದೆರಡು ಕ್ಯಾನ್ವಾಸಿಗೆ ಹಳೆಯ ಬೆಡ್‌ಶೀಟ್ ಹೊದಿಸಿ ಸಾಕು. ಹಸಿ ತೈಲಚಿತ್ರಕ್ಕಾದರೆ ಬಟ್ಟೆ ಬಣ್ಣಕ್ಕೆ ತಾಗದಂತೆ ಮೇಲಂಚಿಗೆ ಎರಡು ಪಟ್ಟಿ ಮುಂದಕ್ಕೆ ಚಾಚಿ ಕಟ್ಟಿ, ಅದರ ಮೇಲೆ ಇಳಿಬಿಡಿ.

ಇನ್ನೊಂದು ಬಿಟ್ಟುಹೋಗಿತ್ತು. ಕೈ ತೊಳೆಯಲು ಎಲ್ಲಿ, ಶೌಚಾಲಯ ಯಾವ ಸ್ಟುಡಿಯೊದಲ್ಲಿ ಅಂತ ನಕ್ಷೆಯಲ್ಲಿ ಗುರುತು ಹಾಕಿ. ಹಾಕದಿದ್ದರೆ ಅದನ್ನು 14 ಕಡೆಯೂ ಕೇಳುತ್ತಾರೆ.